ಕಿಸೆಯಿಲ್ಲದ ಜುಬ್ಬಾ

ಒಂದು ಶುಕ್ರವಾರ ಮುಂಜಾನೆ ಅರ್ಧ ತಾಸಿಗೂ ಹೆಚ್ಚು ಹೊತ್ತು ಒಬ್ಬ ಮನುಷ್ಯನ ಜೀವ ನನ್ನ ಹೆಗಲಚೀಲದಲ್ಲಿತ್ತು. ಊಟದ ಡಬ್ಬಿ, ನೀರಿನ ಬಾಟಲಿ, ಲ್ಯಾಪ್‌ಟಾಪಿನ ಚಾರ್ಜರ್ ಇವುಗಳ ನಡುವೆ ಕರವಸ್ತ್ರದಲ್ಲಿ ಸುತ್ತಿಟ್ಟಿದ್ದೆ. ಹಾಗೆ ಇಟ್ಟದ್ದನ್ನು ಮರೆತೆ. ಮರೆತ ಗಳಿಗೆಯಲ್ಲಿ ನನ್ನ ಬಾಯಲ್ಲಿ ಏನು ಮಾತಿತ್ತು ಅಂತ ಹೇಳಿದರೆ ಓದುವವರು ನಗುತ್ತಾರೆ. ನಗಲಿ. ಆ ದಿನ ಮಾತ್ರ ನನಗೆ ನಗು ಬಂದಿರಲಿಲ್ಲ.

ಮೊದಲು ನನ್ನ ಉದ್ಯೋಗದ ಬಗ್ಗೆ ಹೇಳಬೇಕು. ಬೆಟಗೇರಿಯಲ್ಲಿ ನಮ್ಮ ಓಣಿಯವರಿಗೆ ವರ್ಷಾನುಗಟ್ಟಲೆ ಹೇಳುತ್ತಾ ಬಂದಿದ್ದೇನೆ, ಇನ್ನೂ ಯಾರಿಗೂ ತಿಳಿದಿಲ್ಲ. ಎದುರುಮನೆಯ ನೇಕಾರರು ನಾನು ಕಂಪ್ಯೂಟರ್ ರಿಪೇರಿ ಮಾಡುವವಳು ಅಂದುಕೊಂಡು ಕೆಟ್ಟ ಮೊಬೈಲ್ ತಂದು ಕೈಗಿಡುತ್ತಾರೆ. ನಮ್ಮವ್ವ ಕೇಳಿದವರಿಗೆಲ್ಲ, "ಆಕಿ ಮಂದಿ ಮಾಡಿದ್ದರಾಗ ತಪ್ಪ ಹುಡುಕತಾಳ, ಅದಕ್ಕ ಪಗಾರ ಕೊಡತಾರ" ಅನ್ನುತ್ತಾಳೆ. ಖರೆ ಹೇಳಬೇಕೆಂದರೆ ಇಷ್ಟು ಸರಿಯಾಗಿ ನಮ್ಮ ಕಂಪನಿಯವರೂ ಹೇಳಿಲ್ಲ.

ಕಂಪನಿ ಇರುವುದು ಹುಬ್ಬಳ್ಳಿಯಲ್ಲಿ. ನೀರೆತ್ತುವ ಪಂಪುಗಳನ್ನು ತಾನೇ ಚಾಲೂ ಮಾಡಿ ತಾನೇ ನಿಲ್ಲಿಸುವ ಬೋರ್ಡುಗಳನ್ನು ತಯಾರಿಸುತ್ತದೆ. ನಾನು ಬೆಟಗೇರಿಯ ಮನೆಯ ಮೇಲಂತಸ್ತಿನಲ್ಲಿ ಕೂತು ಅವನ್ನು ಪರೀಕ್ಷೆ ಮಾಡುತ್ತೇನೆ. ಬೋರ್ಡಿನ ನಡುವೆ ಉಗುರಿನಷ್ಟು ಅಗಲದ ಚಿಪ್ಪು, ಅದರೊಳಗೆ ಕರ್ನೆಲ್ ಅನ್ನುವ ಸಣ್ಣ ಪ್ರೋಗ್ರಾಮು. ಯಾವ ಕೆಲಸಕ್ಕೆ ಯಾವಾಗ ಸರದಿ ಅಂತ ತೀರ್ಮಾನಿಸುವುದು ಅದು. ಬಾವಿಯಲ್ಲಿ ನೀರು ತಳ ಮುಟ್ಟಿತು, ಮೋಟಾರು ಬಿಸಿಯಾಯಿತು, ಮೂರು ಫೇಸಿನಲ್ಲಿ ಒಂದು ಹೋಯಿತು ಅಂತ ಹೊರಗಿನಿಂದ ಕರೆ ಬಂದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಆ ಕ್ಷಣವೇ ಓಗೊಡಬೇಕು. ಇಂಥ ಕರೆಗೆ ಇಂಟರಪ್ಟ್ ಅನ್ನುತ್ತಾರೆ. ಆದರೆ ಕೆಲವು ಕೆಲಸಗಳನ್ನು ಅರ್ಧಕ್ಕೆ ಬಿಡುವಂತಿಲ್ಲ, ಬಿಟ್ಟರೆ ಎಲ್ಲ ಕೆಡುತ್ತದೆ. ಅಷ್ಟು ಹೊತ್ತು ಯಾರೂ ಒಳಗೆ ಬಾರದಂತೆ ಬಾಗಿಲು ಹಾಕಿಕೊಳ್ಳಬೇಕು. ಅದು ಲಾಕ್. ಕೆಲಸ ಮುಗಿದ ಮೇಲೆ ತೆಗೆಯಬೇಕು.

ಇಷ್ಟೇ ಆಗಿದ್ದರೆ ನನಗೆ ಕೆಲಸ ಇರುತ್ತಿರಲಿಲ್ಲ. ಬಾಗಿಲು ಹಾಕಿಕೊಂಡು ಮಾಡುವ ಒಂದು ಕೆಲಸದ ಹೊಟ್ಟೆಯಲ್ಲೇ, ಬಾಗಿಲು ಹಾಕಿಕೊಂಡು ಮಾಡಬೇಕಾದ ಇನ್ನೊಂದು ಕೆಲಸ ಬರುತ್ತದೆ. ಆ ಎರಡನೆಯದು ಬೇಗ ಮುಗಿಯುತ್ತದೆ, ಮುಗಿದ ಖುಷಿಯಲ್ಲಿ ಬಾಗಿಲು ತೆಗೆದು ಹೊರಟುಹೋಗುತ್ತದೆ. ಮೊದಲಿನ ಕೆಲಸದ್ದು ಇನ್ನೂ ಅರ್ಧ ಬಾಕಿ ಇದೆ, ಬಾಗಿಲು ಮುಚ್ಚಿದೆ ಅಂತ ಅದು ನಂಬಿಕೊಂಡಿದೆ, ಬಾಗಿಲು ಮಾತ್ರ ಹಾರುಹೊಡೆದಿದೆ. ಆಗ ಹೊರಗಿನಿಂದ ಒಂದು ಇಂಟರಪ್ಟ್ ನುಗ್ಗಿದರೆ ಮುಗಿಯಿತು. ನಾನು ಮಾಡುವುದೇನೆಂದರೆ, ಬೇಕಂತಲೇ ಒಂದರೊಳಗೊಂದು, ಅದರೊಳಗೆ ಮತ್ತೊಂದು ಬಾಗಿಲು ಹಾಕಿಸುವುದು, ನಡುವೆ ಕಲ್ಲು ಒಗೆದ ಹಾಗೆ ಇಂಟರಪ್ಟ್‌ಗಳನ್ನು ಒಗೆಯುವುದು, ಯಾವುದಾದರೂ ಬಾಗಿಲು ಹೊತ್ತಿಗೆ ಮುಂಚೆ ತೆರೆಯಿತೋ ನೋಡುವುದು. ಇದೇ ಕೆಲಸ, ವರ್ಷವಿಡೀ. ಸಾವಿರ ಸಲ ಮಾಡಿಸಿದರೆ ಒಂದು ಸಲ ತಪ್ಪು ಸಿಗುತ್ತದೆ, ಆ ದಿನ ನಾನು ಸಂಜೆ ಗಿರಮಿಟ್ ತಿಂದು ಹಬ್ಬ ಮಾಡುತ್ತೇನೆ.

ಈ ತಪ್ಪು ಮಾಡಲು ಚಿಪ್ಪೇ ಬೇಕೆಂದಿಲ್ಲ. ನಮ್ಮವ್ವ ದಿನಾ ಮಾಡುತ್ತಾಳೆ. ನಾನು ಕೋಣೆಯಲ್ಲಿ ಫ್ಯಾನ್ ಹಾಕಿಕೊಂಡು ಕೂತಿರುತ್ತೇನೆ. ಅವಳು ಒಂದು ಸೂಜಿ ಹುಡುಕಲು ಒಳಗೆ ಬರುತ್ತಾಳೆ, ಸೂಜಿ ಸಿಗುತ್ತದೆ, ಹೋಗುವಾಗ ಫ್ಯಾನನ್ನೂ ದೀಪವನ್ನೂ ಆರಿಸಿ ಹೋಗುತ್ತಾಳೆ. ನಾನು ಬೆವೆತು, ಕತ್ತಲಲ್ಲಿ ಕೂತು ಕೂಗುತ್ತೇನೆ.

"ಯವ್ವಾ, ನಾ ಇಲ್ಲೇ ಅದೀನಿ!"

"ಅಯ್ಯ, ನೀ ಅದೀ ಅನ್ನೂದ ಮರ್ತಬಿಟ್ಟೆ ನೋಡವಾ. ನಾ ಹೊಂಟಿದ್ನಲ್ಲ, ಅದಕ್ಕ ಆರಿಸಿದೆ."

"ನೀ ಬಂದಾಗ ಫ್ಯಾನ್ ಹೆಂಗಿತ್ತು?"

"ಹತ್ತಿತ್ತು."

"ಬಂದಾಗ ಹೆಂಗಿತ್ತೋ ಹಂಗ ಬಿಟ್ಟು ಹೋಗಬೇಕು. ಅಷ್ಟ."

ಈ ಒಂದು ಮಾತನ್ನು ನಾನು ಅವ್ವನಿಗೆ ಎಷ್ಟು ಸಲ ಹೇಳಿದ್ದೇನೋ ದೇವರಿಗೇ ಗೊತ್ತು. ಕಂಪನಿಯ ಸಭೆಗಳಲ್ಲೂ ಇದನ್ನೇ ಹೇಳುತ್ತೇನೆ, ಅಲ್ಲಿ ಸ್ವಲ್ಪ ಗಂಟಲು ಸರಿಮಾಡಿಕೊಂಡು ಹೇಳುತ್ತೇನೆ. ಅವ್ವ ಕೇಳಿ ಸುಮ್ಮನಾಗುತ್ತಾಳೆ, ಮರುದಿನ ಮತ್ತೆ ಆರಿಸುತ್ತಾಳೆ. ಕಂಪನಿಯವರೂ ಹಾಗೆಯೇ.

ನಮ್ಮ ಮನೆಯ ಕೆಳಗಿನ ಅಂಗಡಿಯಲ್ಲಿ ಚಾಚಾ ಇದ್ದಾರೆ. ಸುಟ್ಟ ಮೋಟಾರುಗಳ ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವುದು ಅವರ ಕಸುಬು. ನಾನು ಚಾಚಾ ಅನ್ನುತ್ತೇನೆ, ಅವರು ಬೇಟಿ ಅನ್ನುತ್ತಾರೆ. ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯಿಂದ ರೈತರು ಟಂಟಂನಲ್ಲಿ ಮೋಟಾರು ಹೇರಿಕೊಂಡು ಬಂದು ಅವರ ಅಂಗಡಿ ಮುಂದೆ ಕೂತು, ಇವತ್ತೇ ಬೇಕು ಅಂತ ಹಟ ಹಿಡಿಯುತ್ತಾರೆ. ಚಾಚಾ ಯಾರ ಹಟಕ್ಕೂ ಜಗ್ಗುವವರಲ್ಲ. ಎಪ್ಪತ್ತರ ಹತ್ತಿರ ಬಂದಿದ್ದರೂ ಕನ್ನಡಕ ಹಾಕಿಕೊಂಡವರಲ್ಲ. "ಚಸ್ಮಾ ಯಾಕ? ಕಣ್ಣಿಲೆ ಸುತ್ತೂ ಕೆಲಸ ಅಲ್ಲ ಇದು, ಬೆರಳಿಲೆ ಸುತ್ತೂದು" ಅನ್ನುತ್ತಾರೆ. ಕೂದಲಿನಷ್ಟು ಸಣ್ಣ ತಂತಿ ಎಲ್ಲಿ ಗೀರಿದೆ ಅನ್ನುವುದು ಅವರ ಹೆಬ್ಬೆರಳಿಗೆ ಗೊತ್ತಾಗುತ್ತದೆ. ನಾನು ಲೆನ್ಸ್ ಹಿಡಿದು ನೋಡಿದರೂ ನನಗೆ ಕಂಡದ್ದಿಲ್ಲ.

ಅವರದೊಂದು ಪದ್ಧತಿ ಇದೆ. ಕರೆಂಟಿನ ಕೆಲಸಕ್ಕೆ ಕೈ ಹಾಕುವ ಮೊದಲು ಗೋಡೆಯ ಹಲಗೆಯಿಂದ ಮೂರೂ ಫ್ಯೂಜು ಕೀಳುತ್ತಾರೆ. ಬಿಳಿ ಪಿಂಗಾಣಿಯ ಆ ಮೂರು ಹಿಡಿಗಳನ್ನು ಕೆಳಗಿಡುವುದಿಲ್ಲ, ಮೇಜಿನ ಮೇಲಿಡುವುದಿಲ್ಲ, ತಮ್ಮ ಅಂಗಿಯ ಎದೆಕಿಸೆಯಲ್ಲಿ ಹಾಕಿಕೊಳ್ಳುತ್ತಾರೆ. ಕೆಲಸ ಮುಗಿಯುವವರೆಗೆ ಕಿಸೆ ಗುಬ್ಬಿಗೂಡಿನ ಹಾಗೆ ಉಬ್ಬಿಕೊಂಡಿರುತ್ತದೆ. ಅವಸರದ ರೈತ ಯಾರಾದರೂ "ಕರೆಂಟ್ ಐತೇನ್ರಿ ಚಾಚಾ?" ಅಂತ ಕೇಳಿದರೆ ಎದೆ ತಟ್ಟಿ, "ಐತಿ, ಇಲ್ಲೈತಿ" ಅನ್ನುತ್ತಾರೆ.

ಮೊದಲ ಸಲ ನೋಡಿದಾಗ ನನಗೆ ರೋಮಾಂಚನವಾಗಿತ್ತು. ಯಾರು ಬಾಗಿಲು ಹಾಕಿದರೋ ಅವರ ಹೊರತು ಬೇರೆ ಯಾರೂ ತೆಗೆಯಲಾರದ ಲಾಕ್! ನಮ್ಮ ಕಂಪನಿಯ ಐದು ಜನ ಇಂಜಿನಿಯರುಗಳು ಎರಡು ವರ್ಷ ಗುದ್ದಾಡಿ ಮಾಡಿದ್ದನ್ನು ಈ ಮನುಷ್ಯ ಒಂದು ಕಿಸೆಯಿಂದ ಮಾಡಿದ್ದಾರೆ. ಅದನ್ನೇ ಅವರಿಗೆ ಬಿಡಿಸಿ ಹೇಳಿದೆ. ಚಾಚಾ ತಂತಿ ಸುತ್ತುತ್ತಲೇ ಎಲ್ಲ ಕೇಳಿ, "ಇದಕ್ಕ ಎರಡ ವರ್ಷ ಬೇಕಾತೇನು? ಕಿಸೆ ಹೊಲಿಯಾಕ ದರ್ಜಿಗೆ ಹತ್ತ ನಿಮಿಷ ಸಾಕು" ಅಂದರು. ನಾನು ಮೇಲೆ ಹೋಗಿ ಬೋರ್ಡಿನ ಮುಂದೆ ಕೂತೆ.

ಆ ಶುಕ್ರವಾರಕ್ಕೆ ಎರಡು ವಾರ ಮೊದಲು ನಾನು ಒಂದು ದೊಡ್ಡ ತಪ್ಪು ಹಿಡಿದಿದ್ದೆ. ಹುಬ್ಬಳ್ಳಿಯ ಆಫೀಸಿನಲ್ಲಿ ನನಗಿಂತ ನಾಲ್ಕು ವರ್ಷ ಹಿರಿಯರಾದ ಒಬ್ಬ ಇಂಜಿನಿಯರು ಬರೆದ ಭಾಗ ಅದು. ಮೃದು ಸ್ವಭಾವದ ಮನುಷ್ಯ, ಬೈದರೂ ಥ್ಯಾಂಕ್ಸ್ ಅನ್ನುವವರು. ಅವರು ಬರೆದ ಒಂದು ಸಣ್ಣ ಕೆಲಸ, ಒಳಗೆ ಬಂದಾಗ ಬಾಗಿಲು ಆಗಲೇ ಹಾಕಿತ್ತೋ ಇಲ್ಲವೋ ನೋಡುತ್ತಿರಲಿಲ್ಲ, ಹೋಗುವಾಗ ಮಾತ್ರ ತಪ್ಪದೆ ತೆಗೆದು ಹೋಗುತ್ತಿತ್ತು. ನಮ್ಮವ್ವನ ಫ್ಯಾನಿನ ಕತೆಯೇ. ನಾನು ರಿಪೋರ್ಟು ಬರೆದೆ. ತಪ್ಪು ಇಂಥ ಕಡೆ ಇದೆ ಅಂತ ಬರೆದು ನಿಲ್ಲಿಸಬಹುದಿತ್ತು. ನನಗೆ ಪೆನ್ನು ಸಿಕ್ಕರೆ ನಾಲಿಗೆಯೂ ಸೇರಿಕೊಳ್ಳುತ್ತದೆ. ಕೊನೆಗೆ ಒಂದು ಸಾಲು ಸೇರಿಸಿದೆ: "ಬಾಗಿಲು ಹಾಕಿದವರು ಯಾರು ಅಂತ ನೋಡದೆ ತೆಗೆಯುವುದು ತಾಂತ್ರಿಕ ತಪ್ಪಲ್ಲ, ಗಮನವಿಲ್ಲದ ಮನುಷ್ಯನ ಲಕ್ಷಣ."

ಆ ಸಾಲನ್ನು ನಮ್ಮ ಕಂಪನಿಯ ಸಾಹೇಬರು ಸಭೆಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿದರಂತೆ. ನನಗೆ ಒಳಗೊಳಗೇ ಬಹಳ ಚೆಂದ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ.

ತಪ್ಪು ತಿದ್ದಿದ ಮೇಲೆ ಬೋರ್ಡನ್ನು ಖುದ್ದು ಹೊಳೆಯ ದಂಡೆಯಲ್ಲಿ ಕೂರಿಸಿ ನೋಡಬೇಕಿತ್ತು. ಮುಂಡರಗಿಯ ಆಚೆ ಕೊರ್ಲಹಳ್ಳಿಯಲ್ಲಿ ತುಂಗಭದ್ರೆಯಿಂದ ನೀರೆತ್ತುವ ಒಬ್ಬ ರೈತ ತನ್ನ ಪಂಪಿನ ಮನೆ ಕೊಡಲು ಒಪ್ಪಿದ್ದ. ಮೋಟಾರಿನ ಕಡೆಯ ಕೆಲಸಕ್ಕೆ ಚಾಚಾ ಬೇಕು. ಅವರು ಶುಕ್ರವಾರವಾದರೆ ಬರುತ್ತೇನೆ ಅಂದರು. "ಅರ್ಧ ತಾಸಿನ ಕೆಲಸ. ಮುಗಿಸಿ ಮುಂಡರಗ್ಯಾಗ ನಮಾಜಿಗೆ ಹೋಗತೀನಿ, ಆಮ್ಯಾಲ ಕೂಡೇ ಬರೂಣು."

ಹಾಗಾಗಿ ಆ ದಿನ ಅವರು ಕೆಲಸದ ಅಂಗಿಯಲ್ಲಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಬಿಳಿ ಟೋಪಿ, ಹೆಗಲಿಗೆ ಒಂದು ಟವೆಲ್ಲು. ಮದುವೆ ಮನೆಗೆ ಹೊರಟವರ ಹಾಗೆ ಕಾಣುತ್ತಿದ್ದರು. ಬಸ್ಸಿನಲ್ಲಿ ಮುಂಡರಗಿ, ಅಲ್ಲಿಂದ ಟಂಟಂನಲ್ಲಿ ಕೊರ್ಲಹಳ್ಳಿ. ರೈತ ಪಂಪಿನ ಮನೆಯ ಬೀಗ ತೆಗೆದುಕೊಟ್ಟು, ಗೊಬ್ಬರ ತರುವುದಿದೆ ಅಂತ ಬೈಕ್ ಹತ್ತಿ ಹೋದ. ನಾವಿಬ್ಬರೇ ಉಳಿದೆವು.

ಪಂಪಿನ ಮನೆಯ ಗೋಡೆಗೆ ಫ್ಯೂಜಿನ ಹಲಗೆ, ಅದರ ಪಕ್ಕ ನಮ್ಮ ಬೋರ್ಡು ಕೂರಿಸುವ ಕಬ್ಬಿಣದ ಪೆಟ್ಟಿಗೆ. ಮೋಟಾರು ಇದ್ದದ್ದು ಹೊರಗೆ, ಹೊಳೆಗೆ ಹೊಂದಿಕೊಂಡ ದೊಡ್ಡ ಬಾವಿಯ ಒಳಗೆ, ಇಪ್ಪತ್ತು ಮೆಟ್ಟಿಲು ಕೆಳಗಿನ ಕಟ್ಟೆಯ ಮೇಲೆ. ಮೇಲಿದ್ದವರಿಗೆ ಕೆಳಗಿದ್ದವರು ಕಾಣುವುದಿಲ್ಲ. ಚಾಚಾ ಎಂದಿನ ಹಾಗೆ ಮೂರೂ ಫ್ಯೂಜು ಕಿತ್ತರು. ಎಂದಿನ ಹಾಗೆ ಕೈ ಎದೆಗೆ ಹೋಯಿತು. ಅಲ್ಲಿ ಕಿಸೆ ಇರಲಿಲ್ಲ. ಜುಬ್ಬಾದ ಪಕ್ಕಗಳಲ್ಲಿ ಕಿಸೆಗಳಿದ್ದವು, ಆದರೆ ಕುಕ್ಕರುಗಾಲಲ್ಲಿ ಕೂತರೆ ಒಳಗಿದ್ದದ್ದನ್ನೆಲ್ಲ ಚೆಲ್ಲುವಂಥವು. ಬಾವಿಯಲ್ಲಿ ಬಿದ್ದರೆ ಮೀನಿನ ಪಾಲು. ಚಾಚಾ ಒಂದು ಗಳಿಗೆ ಫ್ಯೂಜುಗಳನ್ನು ಹಿಡಿದುಕೊಂಡೇ ನಿಂತರು. ಆಮೇಲೆ ನನ್ನ ಕಡೆ ಚಾಚಿದರು.

"ಬೇಟಿ, ಇವನ್ನ ನಿನ್ನ ಚೀಲದಾಗ ಇಟ್ಕೋ. ನಾ ಮ್ಯಾಲ ಬಂದು ಕೇಳೂತನಕ ಹೊರಗ ತಗೀಬ್ಯಾಡ."

"ನನಗ ಹೇಳತೀರೇನ್ರಿ ಚಾಚಾ? ಇದನ್ನ ಮಂದಿಗೆ ಕಲಸೂದ ನನ್ನ ನೌಕರಿ" ಅಂದೆ, ನಗುತ್ತಾ.

ಚಾಚಾ ನಗಲಿಲ್ಲ. "ಹೂಂ" ಅಂದು ತಮ್ಮ ಪಕ್ಕಡ, ಒಂದು ಸುರುಳಿ ತಾಮ್ರದ ತಂತಿ ತೆಗೆದುಕೊಂಡು ಮೆಟ್ಟಿಲು ಇಳಿದರು. ಮೋಟಾರಿಗೆ ಬರುವ ಕೇಬಲ್ಲಿನ ಮೂರು ತುದಿಗಳನ್ನು ಬಿಚ್ಚಿ, ಮೋಟಾರು ಬಿಸಿಯಾದದ್ದನ್ನು ತಿಳಿಸುವ ಒಂದು ಸಣ್ಣ ವಯರನ್ನು ಒಳಗೆ ಕೂರಿಸಿ, ಮತ್ತೆ ತುದಿಗಳನ್ನು ಬಿಗಿಯುವುದು ಅವರ ಕೆಲಸ. ಬರಿಗೈಯ ಕೆಲಸ, ಅವರ ಬೆರಳುಗಳಿಗೇ ಕಾಣುವಂಥದ್ದು. ನಾನು ಫ್ಯೂಜುಗಳನ್ನು ಕರವಸ್ತ್ರದಲ್ಲಿ ಸುತ್ತಿ ಚೀಲದೊಳಗೆ ಹಾಕಿದೆ.

ಆಮೇಲೆ ನನ್ನ ಪಟ್ಟಿ ತೆಗೆದೆ. ನನ್ನ ಬಳಿ ಎಲ್ಲದಕ್ಕೂ ಪಟ್ಟಿ ಇರುತ್ತದೆ. ಬೋರ್ಡು ಬದಲಿಸುವ ಕ್ರಮ ಅಂತ ಮನೆಯ ಮೇಜಿಗಾಗಿ ಬರೆದು, ಪ್ಲಾಸ್ಟಿಕ್ಕಿನಲ್ಲಿ ಒತ್ತಿಸಿದ ಹಾಳೆ. ಮೊದಲನೆಯ ಸಾಲು, ಫ್ಯೂಜು ತೆಗೆ. ಕೊನೆಯ ಸಾಲು, ಫ್ಯೂಜು ಹಾಕು, ಹಸಿರು ದೀಪ ನೋಡು. ನಡುವೆ ಹತ್ತು ಸಾಲುಗಳು. ನಾನು ಮೊದಲನೆಯ ಸಾಲು ಓದಿದೆ. ಹಲಗೆಯ ಕಡೆ ನೋಡಿದೆ. ಫ್ಯೂಜು ತೆಗೆದೇ ಇತ್ತು. ಆ ಸಾಲಿನ ಮುಂದೆ ಸರಿ ಅಂತ ಗುರುತು ಹಾಕಿದೆ. ನಾನು ಮಾಡದ ಕೆಲಸಕ್ಕೆ ನಾನು ಹಾಕಿದ ಗುರುತು.

ಹಳೆಯ ಬೋರ್ಡು ಬಿಚ್ಚಿ, ಹೊಸದನ್ನು ಕೂರಿಸಿ, ವಯರುಗಳನ್ನು ಒಂದೊಂದಾಗಿ ಬಿಗಿಯುತ್ತಿದ್ದೆ. ಏಳನೆಯದೋ ಎಂಟನೆಯದೋ ಸಾಲಿನಲ್ಲಿದ್ದಾಗ ಫೋನು ಬಂತು. ಹುಬ್ಬಳ್ಳಿಯ ಆ ಇಂಜಿನಿಯರು. ಎರಡು ವಾರ ಸುಮ್ಮನಿದ್ದು, ಧೈರ್ಯ ಕೂಡಿಸಿಕೊಂಡು, ಸರಿಯಾಗಿ ಅದೇ ಹೊತ್ತಿಗೆ ಕರೆ ಮಾಡಿದ್ದರು. ಫೋನನ್ನು ಕಿವಿ ಮತ್ತು ಹೆಗಲ ನಡುವೆ ಸಿಗಿಸಿಕೊಂಡು ಕೆಲಸ ಮುಂದುವರಿಸಿದೆ.

"ಮೇಡಂ, ತಪ್ಪು ನಂದ ಐತ್ರಿ, ಇಲ್ಲನ್ನೂದಿಲ್ಲ. ಆದರ ಆ ಕಡೀ ಸಾಲು ಹಂಗ ಬರೀಬಾರದಿತ್ತು ನೀವು."

"ಯಾಕ್ರಿ? ಸುಳ್ಳ ಬರದೀನೇನು?"

"ಗಮನ ಇಲ್ಲದ ಮನಶ್ಯಾ ಅಲ್ರಿ ನಾ. ತಲ್ಯಾಗ ಆ ಹೊತ್ತಿಗೆ ಒಂದ ಕೆಲಸ ಇರತೈತಿ. ಅದು ಸರಿಯಾಗಿ ಮುಗದರ ಸಾಕು ಅನಸತೈತಿ. ಹೊರಗ ಇನ್ನೊಬ್ಬರದು ಅರ್ಧ ಆಗೇತಿ ಅನ್ನೂದು ಕಾಣೂದಿಲ್ರಿ, ಅಷ್ಟ."

ನನಗೆ ಸಿಟ್ಟು ಬಂತು. ತಪ್ಪು ಮಾಡಿದವರು ತಪ್ಪಿಗೆ ಕಾರಣ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹತ್ತನೆಯ ಸಾಲು ಮುಗಿಸಿದೆ, ಹನ್ನೊಂದು ಮುಗಿಸಿದೆ. ಬಾಯಿ ವಾದ ಮಾಡುತ್ತಿತ್ತು, ಕೈ ಪಟ್ಟಿಯ ಪ್ರಕಾರ ನಡೆಯುತ್ತಿತ್ತು. ಚೀಲಕ್ಕೆ ಕೈ ಹಾಕಿ ಕರವಸ್ತ್ರ ಬಿಚ್ಚಿದೆ. ಮೊದಲನೆಯ ಫ್ಯೂಜು ಒತ್ತಿದೆ.

"ಅದೆಂಗ ಕಾಣೂದಿಲ್ರಿ?" ಅಂದೆ. ಎರಡನೆಯದು ಒತ್ತಿದೆ. "ಬಾಗಲಾ ಹಾಕಿದ್ದು ನೀವಲ್ಲ. ನೀವಲ್ಲ ಅಂದಮ್ಯಾಲ ತಗಿಯಾಕ ನೀವ್ಯಾರು?" ಮೂರನೆಯದನ್ನೂ ಒತ್ತಿದೆ.

ಹಸಿರು ದೀಪ ಹತ್ತಿತು. ನಮ್ಮ ಬೋರ್ಡಿನ ಹೆಚ್ಚುಗಾರಿಕೆ ಏನೆಂದರೆ, ಹಳ್ಳಿಯಲ್ಲಿ ಕರೆಂಟು ಬಂದ ಕೂಡಲೇ ರೈತ ಓಡಿ ಬರಬೇಕಾಗಿಲ್ಲ. ಮೂರೂ ಫೇಸು ಸರಿ ಇವೆಯೋ ನೋಡಿಕೊಂಡು, ಹತ್ತು ಎಣಿಸಿ, ತಾನೇ ಮೋಟಾರಿಗೆ ಕರೆಂಟು ಬಿಡುತ್ತದೆ. ನಾನು ಆ ಹತ್ತು ಎಣಿಕೆಯನ್ನು ನೋಡುತ್ತಾ ನಿಂತಿದ್ದೆ. ಎಷ್ಟು ಸರಿಯಾಗಿ ಎಣಿಸುತ್ತಿದೆ ಅಂತ ಹೆಮ್ಮೆ ಪಡುತ್ತಿದ್ದೆ. ಹತ್ತು ಕ್ಷಣ ನನಗೆ ಸಿಕ್ಕಿತ್ತು. ಒಂದರಲ್ಲೂ ಚಾಚಾ ನೆನಪಾಗಲಿಲ್ಲ.

ಒಳಗೆ ಟಕ್ ಅಂತು. ಮರುಕ್ಷಣ ಹಲಗೆಯಲ್ಲಿ ನೀಲಿ ಬೆಳಕು, ಪಟಾಕಿ ಸಿಡಿದಂಥ ಸದ್ದು, ಸುಟ್ಟ ವಾಸನೆ. ಹೊರಗೆ ಬಾವಿಯೊಳಗಿನಿಂದ ಏನೋ ಬಿದ್ದ ಸಪ್ಪಳ.

ಆಗ ನೆನಪಾಯಿತು. ಕರವಸ್ತ್ರ ಇನ್ನೂ ಎಡಗೈಯಲ್ಲಿತ್ತು.

"ಏನಾತ್ರಿ ಮೇಡಂ? ಏನದು ಸಪ್ಪಳ?" ಅಂತ ಫೋನು ಕೇಳುತ್ತಿತ್ತು. ಫೋನು ಎಲ್ಲಿ ಬಿತ್ತೋ ಗೊತ್ತಿಲ್ಲ. ಬಾವಿಯ ಬಾಯಿಗೆ ಓಡಿದೆ. "ಚಾಚಾ!" ಅಂದೆ. ಒಳಗೆ ಹೊಳೆಯ ನೀರು ಗೋಡೆಗೆ ಬಡಿಯುವುದಷ್ಟೇ ಕೇಳುತ್ತಿತ್ತು. ಅವರ ಕೈಗಳನ್ನು ನಾನು ಕೊಂದೆ ಅಂತ ಅನ್ನಿಸಿತು. ಮನುಷ್ಯನನ್ನು ಅಂತಲ್ಲ, ಕೈಗಳನ್ನು ಅಂತಲೇ ಅನ್ನಿಸಿತು. ಆ ಹೆಬ್ಬೆರಳು ಕಣ್ಣ ಮುಂದೆ ಬಂತು. ಕುಂಡೆಯ ಮೇಲೆ ಕೂತು ಒಂದೊಂದೇ ಮೆಟ್ಟಿಲು ಜಾರುತ್ತಾ ಇಳಿಯತೊಡಗಿದೆ, ಚಾಚಾ ಚಾಚಾ ಅನ್ನುತ್ತಾ.

"ಬರಬ್ಯಾಡ" ಅಂತ ಕೆಳಗಿನಿಂದ ದನಿ ಬಂತು. "ಅಲ್ಲೇ ನಿಂದ್ರು. ಬಿದ್ದೀ."

ಅವರು ಕಟ್ಟೆಯ ಮೂಲೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದರು. ಟೋಪಿ ನೀರಿಗೆ ಬಿದ್ದು ತೇಲುತ್ತಿತ್ತು, ಪಕ್ಕಡವೂ ನೀರಿನ ಪಾಲಾಗಿತ್ತು. ಎರಡೂ ಕೈಗಳನ್ನು ಮುಂದೆ ಚಾಚಿ, ಬೆರಳುಗಳನ್ನು ಮಡಚುತ್ತಾ ಬಿಡಿಸುತ್ತಾ ನೋಡುತ್ತಿದ್ದರು. ಹತ್ತೂ ಇದ್ದವು. ಹತ್ತೂ ಅಲುಗುತ್ತಿದ್ದವು.

ಅವರು ಬಿಚ್ಚಿದ್ದ ಕೇಬಲ್ಲಿನ ತುದಿಗಳು ಅವರ ಪಕ್ಕದಲ್ಲೇ ಬಿದ್ದಿದ್ದವು. ಮೂರನ್ನೂ ಒಟ್ಟಿಗೆ ಸೇರಿಸಿ, ತಾಮ್ರದ ತಂತಿಯಿಂದ ಬಿಗಿಯಾಗಿ ಸುತ್ತಿ, ತಂತಿಯ ಇನ್ನೊಂದು ತುದಿಯನ್ನು ಕಬ್ಬಿಣದ ಪೈಪಿಗೆ ಕಟ್ಟಿದ್ದರು. ಕರೆಂಟು ಬಂದರೆ ಮನುಷ್ಯನ ತನಕ ಬರಬಾರದು, ಆ ಗಂಟಿಗೆ ಬಡಿದು ಮೇಲೆ ಫ್ಯೂಜು ಸುಟ್ಟುಹೋಗಬೇಕು. ಹಾಗೆಯೇ ಆಗಿತ್ತು. ಕೇಬಲ್ಲು ಹಾವಿನ ಹಾಗೆ ಎಗರಿದಾಗ ಅವರು ಹಿಂದಕ್ಕೆ ಬಿದ್ದಿದ್ದರು. ಅಷ್ಟೇ ಪೆಟ್ಟು.

ನಾನು ಮೆಟ್ಟಿಲ ಮೇಲೆ ಕೂತು ಅತ್ತೆ. ನಲವತ್ತೆರಡು ವರ್ಷದ ಹೆಂಗಸು ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ. ಚಾಚಾ ಮೇಲೆ ಹತ್ತಿ ಬಂದು, ನನ್ನನ್ನು ದಾಟಿ ಹೋಗಿ, ಪಂಪಿನ ಮನೆಯಿಂದ ನನ್ನದೇ ನೀರಿನ ಬಾಟಲಿ ತಂದುಕೊಟ್ಟರು. ಆಮೇಲೆ ಸುಟ್ಟ ಫ್ಯೂಜುಗಳನ್ನು ಕಿತ್ತು ಒಂದೊಂದಾಗಿ ಮೂಸಿದರು.

"ಮೂರೂ ಹಾಕಿದ್ಯಾ?"

"ಹೂಂರಿ."

"ಛಲೋ ಬಿಗಿಯಾಗಿ ಹಾಕೀ" ಅಂದರು.

ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಫ್ಯೂಜುಗಳಿಗೆ ಹೊಸ ತಂತಿ ಹಾಕಿ, ಟವೆಲ್ಲಿನ ತುದಿಯಲ್ಲಿ ಮೂರನ್ನೂ ಗಂಟು ಕಟ್ಟಿ, ಟವೆಲ್ಲನ್ನು ಜುಬ್ಬಾದ ಮೇಲೆ ಸೊಂಟಕ್ಕೆ ಬಿಗಿದುಕೊಂಡು, ನನ್ನ ಪಕ್ಕಡ ಹಿಡಿದು ಮತ್ತೆ ಕೆಳಗಿಳಿದರು. ನನ್ನನ್ನು ಪೆಟ್ಟಿಗೆಯಿಂದ ದೂರ, ಬೇವಿನ ಗಿಡದ ಕೆಳಗೆ ಕೂರಿಸಿದ್ದರು. ಅರ್ಧ ತಾಸಿನ ಮೇಲೆ ಬಂದು ತಾವೇ ಫ್ಯೂಜು ಹಾಕಿದರು. ಬೋರ್ಡು ಹತ್ತು ಎಣಿಸಿತು, ಮೋಟಾರು ಗುಂಯ್ ಅಂತು, ಕಾಲುವೆಗೆ ನೀರು ಬಿತ್ತು. ಹದಿನೆಂಟು ಸಲ ನಿಲ್ಲಿಸಿ ಚಾಲೂ ಮಾಡಿದೆವು, ಹದಿನೆಂಟೂ ಸಲ ಸರಿ. ಇಡೀ ಪಂಪಿನ ಮನೆಯಲ್ಲಿ ಆ ದಿನ ತಪ್ಪು ಮಾಡದ ಯಂತ್ರ ಅದೊಂದೇ.

ಟೋಪಿ ಇಲ್ಲದೆ, ಬೆನ್ನಿಗೆ ಪಾಚಿ ಮೆತ್ತಿದ ಜುಬ್ಬಾದಲ್ಲಿ, ತಲೆಗೆ ಟವೆಲ್ಲು ಸುತ್ತಿಕೊಂಡು ಚಾಚಾ ಮುಂಡರಗಿಯಲ್ಲಿ ನಮಾಜಿಗೆ ಹೋದರು. ನಾನು ಬಸ್‌ಸ್ಟ್ಯಾಂಡಿನಲ್ಲಿ ಚಹಾ ಹಿಡಿದು ಕೂತು ಹುಬ್ಬಳ್ಳಿಗೆ ಫೋನು ಹಚ್ಚಿದೆ. ಆ ಸಪ್ಪಳ ಏನು ಅಂತ ಮೊದಲಿನಿಂದ ಕೊನೆಯವರೆಗೆ ಹೇಳಿದೆ.

"ಅಜ್ಜಾರು ಆರಾಮ ಅದಾರಲ್ರಿ?" ಅಂದರು ಇಂಜಿನಿಯರು.

"ಆರಾಮ ಅದಾರ್ರಿ."

"ಅಷ್ಟ ಸಾಕು. ಆ ಸಾಲು ಇರಲಿ ಬಿಡ್ರಿ ಮೇಡಂ, ತಗಿಯೂದು ಬ್ಯಾಡ."

"ಅದನ್ನ ತಗದ ತಗೀತೀನ್ರಿ" ಅಂದೆ. ಅವರು ಎಂದಿನ ಹಾಗೆ ಥ್ಯಾಂಕ್ಸ್ ಅಂದರು. ಅವತ್ತು ಆ ಥ್ಯಾಂಕ್ಸ್ ನನಗೆ ಕಪಾಳಕ್ಕೆ ಬಿಗಿದ ಹಾಗಾಯಿತು.

ಗದಗ-ಬೆಟಗೇರಿಗೆ ವಾಪಸು ಬರುವ ಬಸ್ಸಿನಲ್ಲಿ ಚಾಚಾ ಕಿಟಕಿಯ ಪಕ್ಕ ಕೂತಿದ್ದರು. ನನಗೆ ಒಂದು ಪ್ರಶ್ನೆ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಅಂಗಡಿಯಲ್ಲಿ ಅವರು ಕೆಲಸ ಮಾಡುವುದನ್ನು ಇಷ್ಟು ವರ್ಷ ನೋಡಿದ್ದೇನೆ, ತುದಿಗಳನ್ನು ಹಾಗೆ ಗಂಟು ಕಟ್ಟಿದ್ದನ್ನು ಒಮ್ಮೆಯೂ ನೋಡಿರಲಿಲ್ಲ.

"ಚಾಚಾ, ಆ ತಂತಿ ಗಂಟು ನೀವು ಯಾವಾಗಲೂ ಕಟ್ಟತೀರೇನ್ರಿ?"

"ಇಲ್ಲ" ಅಂದರು.

ಬಸ್ಸು ಡಂಬಳದ ಕ್ರಾಸ್ ದಾಟಿತು. ಆಮೇಲೆ ಹೊರಗೆ ನೋಡುತ್ತಲೇ, "ಕಿಸೆದಾಗ ಇದ್ದಾಗ ಯಾಕ ಕಟ್ಟಬೇಕು?" ಅಂದರು.

ನನಗೆ ಮೊದಲು ಬಂದದ್ದು ಸಿಟ್ಟು. ಅಂದರೆ ನನ್ನನ್ನು ನಂಬಿರಲಿಲ್ಲ! ಫ್ಯೂಜು ಕೊಡುವಾಗ ಬೇಟಿ ಅಂದಿದ್ದರು, ಕೆಳಗೆ ಹೋಗಿ ಗಂಟು ಕಟ್ಟಿದ್ದರು. ಮನೆಯ ಮಗಳ ಹಾಗಿದ್ದೇನೆ ಅಂದುಕೊಂಡಿದ್ದ ನನ್ನ ಮುಖ ಉರಿಯಿತು. ಜೀವ ಉಳಿಸಿದ ಗಂಟಿನ ಮೇಲೆ ನಾನು ಮುನಿಸಿಕೊಂಡು ಎರಡು ಸ್ಟಾಪು ಕಳೆದೆ. ಎಂಥ ಹೆಂಗಸು ನೋಡಿ.

ಮನೆಗೆ ಬಂದು ಕೋಣೆಯಲ್ಲಿ ಕೂತು ರಿಪೋರ್ಟಿನ ಆ ಸಾಲು ಅಳಿಸಿದೆ. ಪ್ಲಾಸ್ಟಿಕ್ಕಿನ ಪಟ್ಟಿಯನ್ನು ಕತ್ತರಿಸಿ ಒಗೆದು ಹೊಸದು ಬರೆದೆ. ಮೊದಲನೆಯ ಸಾಲು ಈಗ ಫ್ಯೂಜು ತೆಗೆ ಅಂತಲ್ಲ, ಫ್ಯೂಜು ಯಾರು ತೆಗೆದರು ಅಂತ. ಅವ್ವ ಏನೋ ಹುಡುಕಲು ಬಂದಳು, ಹೋಗುವಾಗ ಫ್ಯಾನು ಆರಿಸಿದಳು. ಬಾಗಿಲ ತನಕ ಹೋದವಳು ತಿರುಗಿ ನೋಡಿದಳು, ನಾನು ಕೂಗುತ್ತೇನೆ ಅಂತ ಕಾದಳು. ನಾನು ಎದ್ದು ಹೋಗಿ ಫ್ಯಾನು ಹಾಕಿಕೊಂಡೆ. "ಯಾಕ, ಮೈಯಾಗ ಆರಾಮ ಇಲ್ಲೇ?" ಅಂತ ಹಣೆ ಮುಟ್ಟಿ ನೋಡಿದಳು.

ಮುಂದಿನ ಶುಕ್ರವಾರ ನಾನು ಮೇಲಿನ ಕಟಕಟೆಗೆ ಒರಗಿ ನಿಂತಿದ್ದೆ. ಚಾಚಾ ನಮಾಜಿಗೆ ಹೊರಟು ಅಂಗಡಿಯ ಬಾಗಿಲು ಎಳೆಯುತ್ತಿದ್ದರು. ಅದೇ ಬಿಳಿ ಜುಬ್ಬಾ, ಒಗೆದು ಇಸ್ತ್ರಿ ಮಾಡಿದ್ದು. ಎದೆಯ ಮೇಲೆ ಒಂದು ಕಿಸೆ ಬಂದಿತ್ತು. ಬಟ್ಟೆಯ ಬಿಳುಪು ಜುಬ್ಬಾದ ಬಿಳುಪಿಗೆ ಕೂಡಿರಲಿಲ್ಲ, ದೂರದಿಂದಲೂ ಹಚ್ಚಿದ್ದು ಅಂತ ಗೊತ್ತಾಗುತ್ತಿತ್ತು. ಎದುರುಮನೆಯ ನೇಕಾರರು ಕಟ್ಟೆಯ ಮೇಲೆ ಕೂತವರು ಕೂಗಿ ಕೇಳಿದರು.

"ಏನ್ ಚಾಚಾ, ಜುಬ್ಬಾಕ್ಕ ಕಿಸೆ ಹಚ್ಚಿಸೀರಿ?"

ಚಾಚಾ ತಲೆ ಎತ್ತಿದರು. ಮೇಲೆ ನಿಂತಿದ್ದ ನಾನು ಅವರಿಗೆ ಕಂಡೆ. ಒಂದು ಗಳಿಗೆ ನನ್ನನ್ನೇ ನೋಡಿ, ಆಮೇಲೆ ನೇಕಾರರ ಕಡೆ ತಿರುಗಿ, "ಚಸ್ಮಾ ಇಡಾಕ" ಅಂದರು.

ಅವರಿಗೆ ಚಸ್ಮಾ ಇಲ್ಲ.